ನೆಲಕ್ಕಿಳಿದ ಭೂಪಟ

1974ರ ಮಾತು. ಕೋಲಾರಕ್ಕೂ ಮಾಲೂರಿಗೂ ನಡುವಣ ಒಂದು ಚಿಕ್ಕ ಹಳ್ಳಿಯ ಪ್ರಾಥಮಿಕ ಶಾಲೆಗೆ ತನಿಖಾಧಿಕಾರಿಗಳು ಬಂದಿದ್ದರು. ನಾಲ್ಕನೆಯ ತರಗತಿಯ ಗೋಡೆಯ ಮೇಲೆ ಎರಡು ಭೂಪಟಗಳು ತೂಗುತ್ತಿದ್ದವು. ಒಂದು ಭಾರತದ್ದು, ಇನ್ನೊಂದು ರಾಜ್ಯದ್ದು. ಹಿಂದಿನ ವರ್ಷವಷ್ಟೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತ್ತು. ಹೊಸ ಭೂಪಟ ಇನ್ನೂ ಆ ಹಳ್ಳಿಯನ್ನು ತಲುಪಿರಲಿಲ್ಲ. ಅಲ್ಲಿನ ಮೇಷ್ಟರು ಹಳೆಯ ಪಟದ ತಲೆಬರಹದ ಮೇಲೆ ಬಿಳಿಯ ಚೀಟಿಯೊಂದನ್ನು ಅಂಟಿಸಿ, ಕೆಂಪು ಶಾಯಿಯಲ್ಲಿ ‘ಕರ್ನಾಟಕ’ ಎಂದು ಬರೆದು ಕೆಲಸ ತೂಗಿಸಿದ್ದರು.

ತನಿಖಾಧಿಕಾರಿಗಳು ಮೊದಲ ಸಾಲಿನ ಹುಡುಗನನ್ನು ಎಬ್ಬಿಸಿ ನದಿಗಳನ್ನು ಕೇಳಿದರು. ಹುಡುಗ ಉಸಿರು ತೆಗೆದುಕೊಳ್ಳದೆ ಹೇಳಿದ. ಹತ್ತೊಂಬತ್ತು ಜಿಲ್ಲೆಗಳನ್ನು ಕೇಳಿದರು. ಅದನ್ನೂ ಮಗ್ಗಿಯ ರಾಗದಲ್ಲಿ ಒಪ್ಪಿಸಿದ. ಹಿಮಾಲಯ ಎಲ್ಲಿದೆ ಎಂದಾಗ “ಭಾರತದ ಉತ್ತರದಲ್ಲಿದೆ ಸಾರ್” ಎಂಬ ಉತ್ತರವೂ ಸಿದ್ಧವಾಗಿತ್ತು. ಮೇಷ್ಟರ ಮುಖ ಅರಳಿತು. ತನಿಖಾಧಿಕಾರಿಗಳೂ ಪ್ರಸನ್ನರಾಗಿ, ಹೊರಡುವ ಮುನ್ನ ಇನ್ನೊಂದು ಪ್ರಶ್ನೆಯನ್ನು ತಮಾಷೆಗೆಂಬಂತೆ ಕೇಳಿದರು. “ಉತ್ತರ ದಿಕ್ಕು ಯಾವ ಕಡೆ ಇದೆಯಪ್ಪ, ಕೈ ತೋರಿಸು.” ಹುಡುಗ ಒಂದು ಕ್ಷಣವೂ ಅನುಮಾನಿಸದೆ ಕೈಯೆತ್ತಿ ಮಾಡಿನ ಹೆಂಚುಗಳನ್ನು ತೋರಿಸಿದ. ಇತರ ಮಕ್ಕಳನ್ನು ಕೇಳಿದರೆ ಅವರ ಕೈಗಳೂ ಮೇಲಕ್ಕೇ ಎದ್ದವು. ದಕ್ಷಿಣವನ್ನು ಕೇಳಿದಾಗ ಎಲ್ಲರೂ ತಮ್ಮ ಕಾಲಬುಡವನ್ನು ತೋರಿಸಿದರು.

ಅಧಿಕಾರಿಗಳು ನಕ್ಕರು, ಬೈಯಲಿಲ್ಲ. ಬೈದಿದ್ದರೆ ಮೇಷ್ಟರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಅವರು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಮಕ್ಕಳ ತಪ್ಪೇನೂ ಅದರಲ್ಲಿರಲಿಲ್ಲವೆಂಬುದು ಅವರಿಗೆ ಕೂಡಲೇ ಹೊಳೆಯಿತು. ಗೋಡೆಗೆ ತೂಗುಹಾಕಿದ ಪಟದಲ್ಲಿ ಉತ್ತರವೆಂಬುದು ಯಾವಾಗಲೂ ಮೇಲೆಯೇ ಇರುತ್ತದೆ. ಕೋಲಿನಿಂದ ಅದನ್ನು ಮುಟ್ಟಿ ತೋರಿಸುತ್ತಿದ್ದವರು ಅವರೇ. ಮಕ್ಕಳು ಕಂಡದ್ದನ್ನು ಹೇಳಿದ್ದರು, ಅಷ್ಟೆ.

ವಿಚಿತ್ರವೆಂದರೆ, ಆ ಮಕ್ಕಳಿಗೆ ದಿಕ್ಕು ತಿಳಿಯದೆ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಕುರಿ ಹೊಡೆದುಕೊಂಡು ಹೋಗುವ ಹುಡುಗನಿಗೆ ಮೂಡಲ ಹೊಲ, ಪಡುವಲ ತೋಟ ಎಂದರೆ ಗೊತ್ತಿತ್ತು. ಮನೆಯಲ್ಲಿ ತೆಲುಗಾಡುವ ಮಕ್ಕಳು ಅಲ್ಲಿ ಅರ್ಧದಷ್ಟು. ಅವರಿಗೆ ತೂರ್ಪು, ಪಡಮರಗಳು ಗೊತ್ತಿದ್ದವು. ಕತ್ತಲಲ್ಲಿ ಬಿಟ್ಟರೂ ಅವರು ಮನೆ ಸೇರುತ್ತಿದ್ದರು. ಕನ್ನಡ ನಾಡಿನಲ್ಲಿ ದಿಕ್ಕುಗಳು ಊರಿನ ಹೆಸರುಗಳಲ್ಲೇ ಕುಳಿತಿವೆ. ಮೂಡಬಿದಿರೆ, ಪಡುಬಿದ್ರಿಗಳನ್ನು ನೆನೆದರೆ ಸಾಕು. ಕರಾವಳಿಯ ಯಕ್ಷಗಾನವೂ ತೆಂಕುತಿಟ್ಟು, ಬಡಗುತಿಟ್ಟುಗಳೆಂದೇ ಕವಲೊಡೆದಿದೆ. ಆದರೆ ಶಾಲೆಯ ಹೊಸಿಲು ದಾಟಿದೊಡನೆ ಮೂಡಲು ‘ಪೂರ್ವ’ವಾಗುತ್ತದೆ, ಬಡಗಲು ‘ಉತ್ತರ’ವಾಗುತ್ತದೆ. ಪದ ಬದಲಾದದ್ದು ದೊಡ್ಡ ಮಾತಲ್ಲ. ಆ ಪದ ತನ್ನ ಹೊಲದಿಂದ ಕಿತ್ತುಬಂದು ಗೋಡೆಗೆ ಅಂಟಿಕೊಂಡಿತಲ್ಲ, ತೊಡಕಾದುದು ಅಲ್ಲಿ. ಮಗುವಿನ ತಲೆಯಲ್ಲಿ ಎರಡು ಭೂಗೋಳಗಳು ಬೇರೆಬೇರೆಯಾಗಿ ಸಂಸಾರ ಹೂಡಿದವು: ಒಂದು ಪರೀಕ್ಷೆಗೆ, ಇನ್ನೊಂದು ಕುರಿಗಳಿಗೆ.

ಮರುದಿನ ಮೇಷ್ಟರು ಎರಡೂ ಭೂಪಟಗಳನ್ನು ಮೊಳೆಯಿಂದ ಕೆಳಗಿಳಿಸಿ ನೆಲದ ಮೇಲೆ ಹಾಸಿದರು. ಭಾರತದ ಪಟದ ಮೇಲಂಚನ್ನು ಊರಿನ ಬಡಗಣ ದಿಕ್ಕಿಗೆ, ಅಂದರೆ ಕೆರೆಯ ಏರಿಯ ಕಡೆಗೆ, ತಿರುಗಿಸಿದರು. ಸುತ್ತ ಬಂದು ನಿಲ್ಲಿರೆಂದರೆ ಮಕ್ಕಳು ಹಿಂಜರಿದರು. ಕಾಗದ ತುಳಿದರೆ ಸರಸ್ವತಿಗೆ ಅವಮಾನ, ಅದರಲ್ಲಿಯೂ ಇದು ಭಾರತಮಾತೆ. ಕೊನೆಗೆ ಎಲ್ಲರೂ ಪಟವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಚಿನಲ್ಲಿ ಮಂಡಿಯೂರಿ ಕುಳಿತರು. ಕೋಲಾರ ಇದ್ದೆಡೆ ಮೇಷ್ಟರು ಒಂದು ಹುಣಿಸೆಬೀಜವನ್ನಿಟ್ಟು, “ಇಗೋ, ನಾವು ಇಲ್ಲಿ ಕುಳಿತಿದ್ದೇವೆ” ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ ಬೀಜವನ್ನೂ ಪಟದ ತುದಿಯನ್ನೂ ಕಿಟಕಿಯಾಚೆಯ ಏರಿಯನ್ನೂ ಮೂರು ಬಾರಿ ನೋಡಿ, “ಹಾಗಾದರೆ ಹಿಮಾಲಯಕ್ಕೆ ಹೋಗಬೇಕಾದರೆ ನಮ್ಮ ಕೆರೆ ಏರಿ ದಾಟಿಕೊಂಡು ಹೋಗಬೇಕಾ ಸಾರ್?” ಎಂದು ಕೇಳಿದಳು.

ಹೌದು. ಏರಿ ದಾಟಿ, ಎಡಬಲಕ್ಕೆ ತಿರುಗದೆ ನಡೆದರೆ, ಸುಮಾರು 1900 ಕಿಲೋಮೀಟರುಗಳಾಚೆ ಗಢವಾಲದ ಹಿಮಾಲಯ ಸಿಗುತ್ತದೆ. ಕೋಲಾರದ ರೇಖಾಂಶ ಹೆಚ್ಚು ಕಡಿಮೆ ಅತ್ತಲೇ ಹಾಯುತ್ತದೆ. ಎಲ್ಲೋ ಮಾಡಿನ ಮೇಲಿದ್ದ ಹಿಮಾಲಯ ಅಂದು ಏರಿಯ ಆಚೆಗೆ ಬಂದು ನಿಂತಿತು.

ಮಕ್ಕಳಿಗೆ ಕಲಿಸಹೊರಟ ಈ ಮೇಷ್ಟರಿಗೇ ನೆಲ ಪಾಠ ಹೇಳಿದ್ದು ಮುಂದಿನ ಜೂನ್ ತಿಂಗಳಲ್ಲಿ. ಬೇಸಗೆ ರಜೆ ಕಳೆದು ಶಾಲೆ ತೆರೆದಿತ್ತು. ದಿಕ್ಕುಗಳನ್ನು ನೆರಳಿನಿಂದ ಕಲಿಸಬೇಕೆಂದು ಅವರು ಅಂಗಳದಲ್ಲಿ ಒಂದು ಮೀಟರು ಎತ್ತರದ ಬಿದಿರುಕೋಲನ್ನು ನೆಟ್ಟರು. “ನಡುಹಗಲಲ್ಲಿ ಕೋಲಿನ ನೆರಳು ಉತ್ತರಕ್ಕೆ ಬೀಳುತ್ತದೆ, ಅದನ್ನು ನೋಡಿ ಉತ್ತರವನ್ನು ಗುರುತಿಸಬಹುದು” ಎಂದು ಹೇಳಿ, ಕುರಿ ಕಾಯುವ ಹುಡುಗನನ್ನೇ ನೋಡಿಬರಲು ಕಳಿಸಿದರು. ಅವನು ಹಿಂದಿರುಗಿ, “ನೆರಳು ತೆಂಕಲಿಗೆ ಬಿದ್ದೈತೆ ಸಾರ್” ಎಂದ. ಮೇಷ್ಟರು ಕುಳಿತಲ್ಲಿಂದ ಏಳಲಿಲ್ಲ. ತಾವು ಪುಸ್ತಕದಲ್ಲಿ ಓದಿದ್ದ ಸಂಗತಿ ಅದು; ಅದಕ್ಕೆ ಸಾಕ್ಷಿ ಬೇಕಿರಲಿಲ್ಲ. “ಕುರಿ ಕಾಯುವವನಿಗೆ ದಿಕ್ಕೇ ಗೊತ್ತಿಲ್ಲವಲ್ಲೋ” ಎಂದರು. ತರಗತಿ ನಕ್ಕಿತು. ಹುಡುಗನನ್ನು ಗಂಟೆ ಹೊಡೆಯುವವರೆಗೆ ನಿಲ್ಲಿಸಿದರು.

ಮರುದಿನ ಬೇರೆ ಇಬ್ಬರನ್ನು ಕಳಿಸಿದರು. ಅವರೂ ಹಿಂದಿರುಗಿದರು, ಆದರೆ ಬಾಯಿ ಬಿಡಲಿಲ್ಲ. ಹಿಂದಿನ ದಿನದ ಶಿಕ್ಷೆ ಅವರ ಕಣ್ಣಿನಲ್ಲಿತ್ತು. ಒತ್ತಾಯಿಸಿದ ಮೇಲೆ ಒಬ್ಬ, “ಉತ್ತರಕ್ಕೇ ಬಿದ್ದಿದೆ ಸಾರ್” ಎಂದ. ಅವನು ಹೇಳಿದ ರೀತಿ ಮೇಷ್ಟರಿಗೆ ಸರಿ ಕಾಣಲಿಲ್ಲ. ಅವರು ಎದ್ದು ಹೊರಗೆ ಹೋದರು. ನೆರಳು ಒಂದು ಗೇಣಿನಷ್ಟಿತ್ತು. ಅದು ಏರಿಯ ಕಡೆಗೆ ಇರಲಿಲ್ಲ. ಬೆನ್ನು ತಿರುಗಿಸಿ, ತೆಂಕಲ ರಸ್ತೆಯನ್ನು ತೋರಿಸುತ್ತ ಬಿದ್ದಿತ್ತು.

ಕಣ್ಣು ಮೋಸಮಾಡಿರಬಹುದೆಂದು ಅವರು ಮೂರನೆಯ ದಿನ ಹಳೆಯ ವಿಧಾನವನ್ನೇ ಹಿಡಿದರು. ಕೋಲಿನ ಸುತ್ತ ವೃತ್ತವನ್ನೆಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದೆಡೆ ಒಂದು ಗೂಟ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದೆಡೆ ಇನ್ನೊಂದು ಗೂಟ. ಎರಡನ್ನೂ ಸೇರಿಸಿ ದಾರ ಕಟ್ಟಿದರೆ ಪಡುವಣ ಮೂಡಣ ರೇಖೆ. ಹೀಗೆ ನೆಡುವ ಕೋಲಿಗೆ ‘ಶಂಕು’ ಎಂದು ಹೆಸರು. ನಮ್ಮ ಪ್ರಾಚೀನ ಖಗೋಳಜ್ಞರು ಕಾಲವನ್ನೂ ದಿಕ್ಕನ್ನೂ ಅಳೆದದ್ದು ಅದರಿಂದಲೇ. ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರೆಂದು ದಿನವೂ ಓದುವವರಿಗೆ ಆ ಶಂಕು ಯಾವುದೆಂಬುದು ಮರೆತುಹೋಗಿದೆ. ದಾರ ಕಟ್ಟಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಹುಡುಗ ಹೇಳಿದ್ದೇ ಸರಿ.

ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಅವರಿಗೆ ಅರ್ಥವಾದ ಸಂಗತಿ ತೀರ ಸರಳವಾದುದು. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು ಉತ್ತರ ಅಕ್ಷಾಂಶ 23½ ಡಿಗ್ರಿಯಲ್ಲಿ. ಕೋಲಾರ ಇರುವುದು 13 ಡಿಗ್ರಿಯಲ್ಲಿ. ಉತ್ತರಾಯಣದ ಕೊನೆಗೆ ಸೂರ್ಯ ಆ ವೃತ್ತದವರೆಗೂ ಹೋಗುತ್ತಾನೆಂದ ಮೇಲೆ, ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಕೋಲಾರದ ನೆತ್ತಿಯನ್ನು ದಾಟಲೇಬೇಕು. ದಾಟಿ ಬಡಗಲಲ್ಲಿರುವಷ್ಟು ಕಾಲ ನಡುಹಗಲ ನೆರಳು ತೆಂಕಲಿಗೆ ಬೀಳಲೇಬೇಕು. ಇಡೀ ಕರ್ನಾಟಕ ಆ ವೃತ್ತದ ಕೆಳಗೇ ಇದೆಯಾದ್ದರಿಂದ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಊರುಗಳಿಗೂ ಇದು ಉಂಟು. ಅವರು ಓದಿದ್ದ ವಾಕ್ಯ ಸುಳ್ಳೇನಲ್ಲ, ಆದರೆ ಅದು ಯೂರೋಪಿನಂಥ ನಾಡುಗಳ ಸತ್ಯ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. 23½ ಮತ್ತು 13 ಎಂಬ ಎರಡೂ ಅಂಕಿಗಳನ್ನು ಅವರು ಎರಡು ವರ್ಷ ಕಲಿಸಿದ್ದರು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

ತರಗತಿಯ ಮುಂದೆ ನಿಂತು, “ಮೊನ್ನೆ ಅವನು ಹೇಳಿದ್ದು ಸರಿ. ತಪ್ಪು ನನ್ನದು” ಎಂದು ಹೇಳುವುದು ಆ ಕಾಲದ ಮೇಷ್ಟರೊಬ್ಬರಿಗೆ ಸುಲಭವಾಗಿರಲಿಲ್ಲ. ಹೇಳಿದರು. ಹುಡುಗ ಸಂತೋಷಪಡುವುದಕ್ಕೆ ಬದಲು ಹೆದರಿಕೊಂಡ; ಮೇಷ್ಟರಿಗೆ ಸಿಟ್ಟು ಬಂದಿದೆಯೆಂದೇ ಅವನು ತಿಳಿದ. ಸಿಟ್ಟಲ್ಲವೆಂದು ಖಾತರಿಯಾದ ಮೇಲೆ ಮೆಲ್ಲಗೆ ಕೇಳಿದ: “ಹಾಗಾದರೆ ನೆರಳು ಈ ಕಡೆಗೆ ಯಾವತ್ತು ತಿರುಗುತ್ತೆ ಸಾರ್?”

ಆ ಪ್ರಶ್ನೆಯಿಂದ ಆ ವರ್ಷದ ಭೂಗೋಳ ಮೊದಲಾಯಿತೆನ್ನಬೇಕು. ವಾರಕ್ಕೊಮ್ಮೆ ನೆರಳಿನ ತುದಿಗೆ ಒಂದು ಹಂಚಿಕಡ್ಡಿ ನೆಟ್ಟರು. ಕೈಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನೆರಳು ಅತಿ ಕಿರಿದಾಗಿರುವುದಿಲ್ಲ, ಇನ್ನೂ ಹದಿನೇಳೆಂಟು ನಿಮಿಷ ಕಾಯಬೇಕು ಎಂಬುದನ್ನು ಮಕ್ಕಳೇ ಕಂಡುಹಿಡಿದರು. ಗಡಿಯಾರ ನಡೆಯುವುದು ಭಾರತದ ಕಾಲಮಾನದಂತೆ, ಅಂದರೆ ಪೂರ್ವ ರೇಖಾಂಶ 82½ ಡಿಗ್ರಿಯ ಸೂರ್ಯನಂತೆ. ಕೋಲಾರದ ಸೂರ್ಯ ಅದಕ್ಕಿಂತ ನಿಧಾನಿ. ಜೂನ್ 21ರ ಸುಮಾರಿಗೆ ನೆರಳು ಹದಿನೆಂಟು ಸೆಂಟಿಮೀಟರಿಗೆ ಬಂದು, ಅಲ್ಲಿಂದ ಕುಗ್ಗತೊಡಗಿತು. ಆಗಸ್ಟ್ ನಡುವಿನ ಹೊತ್ತಿಗೆ ಎರಡು ಬೆರಳಗಲಕ್ಕಿಳಿಯಿತು. ಅಷ್ಟರಲ್ಲಿ ಮೋಡ ಮುಸುಕಿತು. ನಾಲ್ಕು ದಿನ ಮಕ್ಕಳು ಊಟದ ಗಂಟೆಯಲ್ಲಿ ಆಕಾಶ ನೋಡುತ್ತ ಕುಳಿತರು. ಮಳೆಯಿಲ್ಲದೆ ಹೊಲ ಒಣಗುವ ಆ ಸೀಮೆಯಲ್ಲಿ ಮೋಡಕ್ಕೆ ಯಾರಾದರೂ ಶಾಪ ಹಾಕಿದ್ದಿದ್ದರೆ ಅವರೇ. ಐದನೆಯ ದಿನ, ಆಗಸ್ಟ್ 18ರಂದು, ಹನ್ನೆರಡು ಗಂಟೆ ದಾಟಿದ ಮೇಲೆ ಮೋಡ ಹರಿದು ಬಿಸಿಲು ಬಂತು. ಕೋಲಿಗೆ ನೆರಳಿರಲಿಲ್ಲ. ಮಕ್ಕಳು ತಮ್ಮತಮ್ಮ ನೆರಳುಗಳನ್ನು ಹುಡುಕಿ, ಕಾಲಡಿಯಲ್ಲಿ ಒಂದು ಕಪ್ಪು ವೃತ್ತವನ್ನು ಮಾತ್ರ ಕಂಡು ಕುಣಿದರು. ಮತ್ತೆ ಕೆಲವು ದಿನಗಳಿಗೆ ನೆರಳು ಬಡಗಲಿಗೆ ತಲೆಹಾಕಿತು. ಡಿಸೆಂಬರಿನ ಹೊತ್ತಿಗೆ ಮುಕ್ಕಾಲು ಮೀಟರು ಉದ್ದವಾಗಿ ಚಾಚಿಕೊಂಡಿತ್ತು. ಭೂಮಿಯ ಓರೆಯನ್ನು ತೋರಿಸಲು ಆ ಶಾಲೆಯಲ್ಲಿ ಗೋಳವಿರಲಿಲ್ಲ. ಒಂದು ಬಿದಿರುಕೋಲಿತ್ತು.

ದೂರದ ನಾಡುಗಳನ್ನು ಹೀಗೆ ಅಂಗಳದಲ್ಲಿ ತೋರಿಸಲಾಗದು, ನಿಜ. ಹೆಸರುಗಳನ್ನು ಬಾಯಿಪಾಠ ಮಾಡುವುದೇ ಪಾಪವೆನ್ನುವವರೂ ಉಂಟು, ಅದು ಅತಿಯಾಯಿತು. ಏಳು ಖಂಡಗಳ ಹೆಸರು ಬಾಯಿಗೆ ಬಾರದ ಮಗುವಿಗೆ ಮುಂದಿನ ಓದು ತೊಡಕೇ. ಆದರೆ ಹೆಸರು ಯಾವುದಾದರೊಂದು ವಸ್ತುವಿಗೆ ತಗುಲಿಕೊಂಡು ಬರಬೇಕು. ಮೇಷ್ಟರು ಒಂದು ದಿನ ಮಕ್ಕಳ ಬುತ್ತಿಯನ್ನೇ ಬಿಚ್ಚಿಸಿ ಖಂಡಗಳ ಪಾಠ ಮಾಡಿದರು. ಸಾರಿನ ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಟೊಮೆಟೊ, ಕಡಲೆಕಾಯಿಗಳ ತವರು ದಕ್ಷಿಣ ಅಮೆರಿಕ. ಪರಂಗಿ ಹಣ್ಣು ಹೊರಗಿನದೆಂದು ಅದರ ಹೆಸರೇ ಹೇಳುತ್ತದೆ. ಕೈಯಲ್ಲಿದ್ದ ಸೀಮೆಸುಣ್ಣದ ‘ಸೀಮೆ’ಯೂ ಅಂಥದೇ. ಊರಿನ ಮನೆಮನೆಯ ತಟ್ಟೆಗಳಲ್ಲಿ ಸಾಕುವ ರೇಷ್ಮೆಹುಳು ಚೀಣದ ಕೂಸು. ಇಷ್ಟನ್ನೂ ಮಕ್ಕಳು ಒಪ್ಪಿದರು. ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದಿತೆಂದಾಗ ಮಾತ್ರ ತರಗತಿಯಲ್ಲಿ ಗದ್ದಲವೆದ್ದಿತು. “ರಾಗಿ ನಮ್ಮದಲ್ಲವಾ ಸಾರ್?” ಎಂದು ಒಬ್ಬ ಕಣ್ಣಲ್ಲಿ ನೀರು ತಂದುಕೊಂಡ. ಅಂದು ಮಕ್ಕಳು ಆಫ್ರಿಕವನ್ನು ಭೂಪಟದಲ್ಲಿ ಹುಡುಕಿದ ಆತುರವನ್ನು ಯಾವ ಪರೀಕ್ಷೆಯೂ ಹುಟ್ಟಿಸಲಾರದು.

ಎರಡನೆಯ ವರ್ಷ ಊರಿನ ಭೂಪಟವನ್ನೇ ಬರೆಯುವ ಕೆಲಸ ಕೈಗೊಂಡರು. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಗೋಂದಿನಿಂದ ಅಂಟಿಸಿದ್ದಾಯಿತು. ಅಳತೆ, ಹತ್ತು ಹೆಜ್ಜೆಗೆ ಒಂದು ಬೆರಳಗಲ. ಮಕ್ಕಳು ನಾಲ್ಕು ಗುಂಪಾಗಿ ಎಣಿಸುತ್ತ ಬೀದಿಬೀದಿಗಳಲ್ಲಿ ನಡೆದರು. ಮೊದಲ ಕರಡಿನಲ್ಲಿ ಶಾಲೆಗಿಂತ ಹುಣಿಸೇಮರ ದೊಡ್ಡದಾಗಿತ್ತು, ಪಟೇಲರ ಮನೆ ಕೆರೆಯಷ್ಟಿತ್ತು. ಮತ್ತೆ ಹೆಜ್ಜೆ ಹಾಕಿ ಅಳೆದ ಮೇಲೆ ಪಟೇಲರ ಮನೆ ತನ್ನ ಅಳತೆಗೆ ಇಳಿಯಿತು. ಹತ್ತು ದಿನಗಳಲ್ಲಿ ಪಟ ಮುಗಿಯಿತು. ದೇವಸ್ಥಾನ, ಚಾವಡಿ, ಅರಳಿಕಟ್ಟೆ, ಹಿಟ್ಟಿನ ಗಿರಣಿ, ಸೇದುವ ಬಾವಿ, ಕೆರೆ, ತೋಪು ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲರೂ ತಮ್ಮ ಮನೆಗಳನ್ನು ಬೆರಳಿಟ್ಟು ತೋರಿಸಿಕೊಂಡರು.

ಕೊನೆಯ ಸಾಲಿನ ಹುಡುಗಿಯೊಬ್ಬಳು ಎಲ್ಲರ ಸರದಿ ಮುಗಿಯುವವರೆಗೂ ಕಾದು, ಹತ್ತಿರ ಬಂದು, ಪಟವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾಗದದ ತೆಂಕಲ ಅಂಚಿನಿಂದ ಒಂದು ಮೊಳ ಆಚೆ, ಬರಿಯ ನೆಲದ ಮೇಲೆ ಬೆರಳಿಟ್ಟು, “ನಮ್ಮ ಮನೆ ಇಲ್ಲಿ ಬರುತ್ತೆ ಸಾರ್” ಎಂದಳು.

ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಅಳತೆಯ ಪ್ರಕಾರ ಅವಳ ಮನೆ ಅಲ್ಲಿಯೇ ಬರುತ್ತಿತ್ತು. ಊರಾಚೆಯ ಕೇರಿಯ ಮಕ್ಕಳು ತರಗತಿಯಲ್ಲಿ ನಾಲ್ವರಿದ್ದರು; ನಾಲ್ವರೂ ಊರಿನೊಳಗಿನ ಬೀದಿಗಳಲ್ಲಿ ಇತರರೊಡನೆ ಹೆಜ್ಜೆ ಎಣಿಸಿದ್ದರು. ಕೇರಿಯಲ್ಲಿಯೂ ಎಣಿಸಬೇಕೆಂಬುದು ಮಕ್ಕಳಿಗೆ ತೋರಲಿಲ್ಲ. ಕಾಗದ ಎಷ್ಟು ಬೇಕೆಂದು ಲೆಕ್ಕ ಹಾಕಿದ ಮೇಷ್ಟರಿಗೂ ತೋರಿರಲಿಲ್ಲ. ಪಟದಲ್ಲಿ ಅದನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ. ಬೇಕೆಂದು ಬಿಟ್ಟಿದ್ದರೆ ಅದು ಒಬ್ಬರ ತಪ್ಪಾಗುತ್ತಿತ್ತು.

ಮೇಷ್ಟರು ಮಾತಾಡದೆ ಇನ್ನೊಂದು ಕ್ಯಾಲೆಂಡರಿನ ಹಾಳೆಯನ್ನು ತಂದು ತೆಂಕಲಂಚಿಗೆ ಅಂಟಿಸಿದರು. ಗೋಂದು ಒಣಗುವ ಮೊದಲೇ ಇನ್ನೊಂದು ಪ್ರಶ್ನೆ ಎದುರಾಯಿತು. ಕೇರಿಗೆ ಹೋಗಿ ಅಳೆಯುವವರು ಯಾರು? ಕೆಲವು ಮಕ್ಕಳು ಮನೆಯಲ್ಲಿ ಬೈಯುತ್ತಾರೆಂದರು. ಕೆಲವರು ಏನೂ ಹೇಳದೆ ಹಿಂದೆ ಸರಿದರು. ಆರು ಮಂದಿ ಮಾತ್ರ ಹೊರಟರು. ಮುಂದೆ ಮೇಷ್ಟರು, ಅವರಿಗಿಂತಲೂ ಮುಂದೆ ಆ ಹುಡುಗಿ. ಅಂದು ಎಣಿಸಿದ ಲೆಕ್ಕ ಪಟದ ಅಂಚಿನಲ್ಲಿ ಬಹುಕಾಲ ಉಳಿದಿತ್ತು. ದೇವಸ್ಥಾನದ ಬೀದಿಯ ಮನೆಗಳಿಂದ ಕುಡಿಯುವ ನೀರಿಗೆ 60 ಹೆಜ್ಜೆ. ಕೇರಿಯಿಂದ ಅದರದೇ ಬಾವಿಗೆ 640. ಇಷ್ಟೇಕೆ ದೂರ ಎಂದು ಮಕ್ಕಳು ಕೇಳಿದರು. ಅದಕ್ಕೆ ಭೂಗೋಳದ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಎರಡು ದಿನಗಳಾದ ಮೇಲೆ ಊರಿನ ಹಿರಿಯರೊಬ್ಬರು ಶಾಲೆಯ ಬಾಗಿಲಿಗೆ ಬಂದು, “ಪುಸ್ತಕದಲ್ಲಿ ಪಾಠ ಇಲ್ಲವೇನು ಮೇಷ್ಟರೆ, ಮಕ್ಕಳನ್ನು ಎಲ್ಲೆಲ್ಲಿಗೋ ತಿರುಗಿಸುತ್ತಿದ್ದೀರಂತೆ” ಎಂದರು. “ನಮ್ಮ ಊರು ಎನ್ನುವುದೇ ಮೊದಲನೆಯ ಪಾಠ, ಯಜಮಾನರೆ. ಇನ್ನೂ ಅದೇ ಮುಗಿದಿಲ್ಲ” ಎಂದು ಮೇಷ್ಟರು ಬಿನ್ನವಿಸಿಕೊಂಡರು. ಹಿರಿಯರು ಪಟವನ್ನು ನೋಡಲು ಒಳಕ್ಕೆ ಬರಲಿಲ್ಲ. ಬಾವಿಯ ದೂರವೂ ಕೂಡಲೇ ಕಡಿಮೆಯಾಗಲಿಲ್ಲ. ಪಟ ಮಾತ್ರ ಗೋಡೆಯ ಮೇಲೆ, ಭಾರತದ ಪಕ್ಕದಲ್ಲಿ, ತೆಂಕಲಂಚಿಗೆ ಅಂಟಿಸಿದ ಹಾಳೆಯೊಡನೆ ತೂಗಾಡಿತು.

ಅದೇ ಬೇಸಗೆಯ ಹೊಸಿಲಿನಲ್ಲಿ, ಕೆರೆ ಬತ್ತಿ ರೈತರು ಗಾಡಿಗಳಲ್ಲಿ ಹೊಲಕ್ಕೆ ಗೋಡು ಹೊಡೆಯುತ್ತಿದ್ದಾಗ, ಮೇಷ್ಟರಿಗೆ ತಾವು ತರಬೇತಿಯಲ್ಲಿ ಓದಿದ್ದ ಪೆಸ್ಟಲಾಟ್ಸಿಯ ನೆನಪಾಯಿತು. ಸ್ವಿಟ್ಜರ್ಲೆಂಡಿನ ಆ ಮಹಾಶಿಕ್ಷಕನು 1805ರಿಂದ 1825ರವರೆಗೆ ಈವರ್ಡನ್ ಎಂಬಲ್ಲಿ ಶಾಲೆಯನ್ನು ನಡೆಸಿದ. ಅಲ್ಲಿಯ ಮಕ್ಕಳು ಮೊದಲು ಹತ್ತಿರದ ಕಣಿವೆಯಲ್ಲಿ ಅಲೆದಾಡಿ, ಅಲ್ಲಿಂದಲೇ ಜೇಡಿಯನ್ನು ಹೊತ್ತು ತಂದು, ಮೇಜಿನ ಮೇಲೆ ಆ ಕಣಿವೆಯನ್ನೇ ಮಾಡುತ್ತಿದ್ದರು. ಅದು ಮುಗಿದ ಮೇಲೆಯೇ ಅವರಿಗೆ ಭೂಪಟದ ದರ್ಶನ. ಈ ಸಂಗತಿಯನ್ನು ಮೇಷ್ಟರು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದರು. ಪಡೆದವರು ಮರೆತೂಬಿಟ್ಟಿದ್ದರು.

ಮಕ್ಕಳು ಒಬ್ಬೊಬ್ಬರು ಒಂದೊಂದು ಮಂಕರಿ ಕೆರೆಗೋಡನ್ನು ತಂದು ಹುಣಿಸೇಮರದ ಅಡಿಯಲ್ಲಿ ಸುರಿದರು. ಪಡುವಣದ ದಿಬ್ಬ, ಅದರಿಂದಿಳಿಯುವ ರಾಜಕಾಲುವೆ, ಕೆರೆಯ ಅಂಗಳ, ಏರಿ, ತೂಬು, ಕೋಡಿ, ಅದರ ಕೆಳಗಿನ ಅಚ್ಚುಕಟ್ಟು ಎಲ್ಲವೂ ಎದ್ದುನಿಂತವು. ದಿಬ್ಬದ ನೆತ್ತಿಗೆ ಒಂದು ತಂಬಿಗೆ ನೀರು ಹೊಯ್ದಾಗ ನಡೆದದ್ದನ್ನು ಮಕ್ಕಳು ಬಾಯಿ ತೆರೆದು ನೋಡಿದರು. ನೀರು ಎರಡಾಗಿ ಒಡೆಯಿತು. ಈ ಮಗ್ಗುಲಿಗೆ ಬಿದ್ದದ್ದು ಕೆರೆ ಸೇರಿ, ಕೋಡಿ ಹರಿದು, ಕೆಳಗಿನ ಕೆರೆಗೆ ನುಗ್ಗಿತು. ನಿಜವಾದ ನೆಲದಲ್ಲಿಯೂ ಅದು ಹೀಗೆಯೇ ಕೆರೆಯಿಂದ ಕೆರೆಗಿಳಿದು ಪಾಲಾರ್ ನದಿಯನ್ನು ಸೇರಿ, ಆಂಧ್ರದ ಮೂಲೆಯೊಂದನ್ನು ದಾಟಿ, ತಮಿಳುನಾಡಿನ ಉದ್ದಕ್ಕೂ ಹರಿದು ಬಂಗಾಳಕೊಲ್ಲಿಗೆ ಬೀಳುತ್ತದೆ. ಆ ಮಗ್ಗುಲಿನ ನೀರಿನ ದಾರಿ ಬೇರೆ. ಅದು ದಕ್ಷಿಣ ಪಿನಾಕಿನಿಯ ಪಾಲು, ಕಡಲೂರಿನ ಬಳಿ ಕಡಲು ಸೇರುತ್ತದೆ. ಒಂದೇ ಮಳೆಯ ಎರಡು ಹನಿಗಳು ದಿಬ್ಬದ ಮೇಲೆ ಗೇಣಂತರದಲ್ಲಿ ಬಿದ್ದು, ಎರಡು ನದಿಗಳಾಗಿ ಬೇರ್ಪಟ್ಟು ಹೋಗುವುದನ್ನು ಕಂಡ ಮಗುವಿಗೆ ‘ಜಲವಿಭಾಜಕ’ ಎಂಬ ಪದ ಮತ್ತೆ ಕಷ್ಟವಾಗಲಿಲ್ಲ.

ಗೋಡಿನ ಕೆರೆ ಒಂದೇ ತಂಬಿಗೆಗೆ ತುಂಬಿತು. ಊರಿನ ಕೆರೆ ಮೂರು ವರ್ಷಗಳಿಂದ ತುಂಬಿರಲಿಲ್ಲ. ಮಳೆ ಸಾಲದೆಂಬುದು ದೊಡ್ಡವರ ವಿವರಣೆ. ಕೋಲಾರದ ಕಡೆ ವರ್ಷಕ್ಕೆ ಬೀಳುವುದೇ ಸುಮಾರು 700ರಿಂದ 750 ಮಿಲಿಮೀಟರ್. ಇದೇ ರಾಜ್ಯದ ಆಗುಂಬೆಯಲ್ಲಿ ಅದು 7000 ಮಿಲಿಮೀಟರನ್ನು ಮೀರುತ್ತದೆ. ಆದರೆ ಮಕ್ಕಳು ಗೋಡಿನ ರಾಜಕಾಲುವೆಯನ್ನು ಮಾಡುವುದಕ್ಕೆಂದು ನಿಜವಾದ ಕಾಲುವೆಯ ಗುಂಟ ನಡೆದು ಬಂದವರು. ನಡುವೆ ಎರಡು ಕಡೆ ಅದನ್ನು ಉತ್ತು ರಾಗಿ ಬಿತ್ತಿದ್ದನ್ನು ಕಂಡಿದ್ದರು. ಯಾರ ಹೊಲವೆಂಬುದೂ ಅವರಿಗೆ ಗೊತ್ತಿತ್ತು. ಮೇಷ್ಟರು ಅದನ್ನು ಕೇಳಲಿಲ್ಲ. ಕೇಳಬೇಕಾಗಿತ್ತೆಂದು ನಿವೃತ್ತರಾದ ಮೇಲೆ ಅವರು ಹಲವು ಬಾರಿ ಅಂದುಕೊಂಡದ್ದುಂಟು.

ಆಮೇಲಿನ ವರ್ಷಗಳಲ್ಲಿ ಅವರು ಬಾಯಿಪಾಠ ಮಾಡಿಸಿದ್ದ ಎಷ್ಟೋ ಸಂಗತಿಗಳು ಕೈಬಿಟ್ಟುಹೋದವು. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಒಂಬತ್ತು ಗ್ರಹಗಳು 2006ರಲ್ಲಿ ಎಂಟಾದವು. 2007ರಲ್ಲಿ ಕೋಲಾರ ಜಿಲ್ಲೆಯೇ ಎರಡಾಗಿ ಚಿಕ್ಕಬಳ್ಳಾಪುರ ಬೇರೆಯಾಯಿತು. ಹತ್ತೊಂಬತ್ತು ಜಿಲ್ಲೆಗಳು 2021ರಲ್ಲಿ ವಿಜಯನಗರವೂ ಸೇರಿ ಮೂವತ್ತೊಂದಾದವು. ಕೋಲಿನ ನೆರಳು ಮಾತ್ರ ಈಗಲೂ ಆಗಸ್ಟಿನ ಮೂರನೆಯ ವಾರದಲ್ಲಿ ಮಾಯವಾಗುತ್ತದೆ.

ಕೆರೆಯ ಕಥೆಯೂ ಬದಲಾಯಿತು. ಬೆಂಗಳೂರು ನಗರದ ಕೊಳೆನೀರನ್ನು ಶುದ್ಧೀಕರಿಸಿ, ಕೊಳವೆಗಳಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಅಂತರ್ಜಲ ಹೆಚ್ಚಲೆಂಬುದು ಅದರ ಉದ್ದೇಶ. ಕೆರೆಯಿಂದ ಕೆರೆಗೆ ನೀರು ಸಾಗಿ, ಈ ಊರಿನ ಕೆರೆಗೂ ಬಂದಿತು. ಮೇಷ್ಟರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಶಾಲೆಯಲ್ಲೀಗ ಉಪಾಧ್ಯಾಯಿನಿಯೊಬ್ಬರಿದ್ದಾರೆ. ಪಾಠದ ಹೆಸರೂ ಈಗ ಪರಿಸರ ಅಧ್ಯಯನ. ಗೋಡಿನ ಊರನ್ನು ಮಾಡುವ ಪದ್ಧತಿಯನ್ನು ಅವರು ಬಿಟ್ಟಿಲ್ಲ; ನೋಡಿ ಬರಲು ಹಳೆಯ ಮೇಷ್ಟರನ್ನೂ ಒಮ್ಮೆ ಕರೆಸಿಕೊಂಡಿದ್ದರು.

ಆ ದಿನ ಒಬ್ಬ ಹುಡುಗ ಕೇಳಿದ: “ಕೆರೆಗೆ ಬಂದಿರೋ ನೀರು ಯಾವ ನದಿಯದು ಟೀಚರ್?” ಉಪಾಧ್ಯಾಯಿನಿ ಮೇಷ್ಟರ ಮುಖ ನೋಡಿದರು, ಮೇಷ್ಟರು ನೆಲ ನೋಡಿದರು. ಬೆಂಗಳೂರಿನವರು ಬಳಸುವ ನೀರಿನಲ್ಲಿ ಬಹುಪಾಲು ಕಾವೇರಿಯದು. ಕೊಡಗಿನಲ್ಲಿ ಬಿದ್ದ ಮಳೆ ಹೊಳೆಯಾಗಿ ಇಳಿದು, ತೊರೆಕಾಡನಹಳ್ಳಿಯ ಬಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಏರಿ, ನಗರದ ಮನೆಗಳನ್ನು ಸೇರಿ, ಕೊಳೆಯಾಗಿ ಹೊರಬಿದ್ದು, ಶುದ್ಧಿಗೊಂಡು, ಮತ್ತೆ ಯಂತ್ರಗಳಿಂದ ಮೂಡಲಿಗೆ ಹರಿದು, ಪಾಲಾರ್ ಸೀಮೆಯ ಈ ಕೆರೆಗೆ ಬಂದಿದೆ. ನಡುವಣ ಜಲವಿಭಾಜಕಗಳನ್ನೆಲ್ಲ ಅದು ದಾಟಿಬಂದಿದೆ. ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆಂದು ಇದೇ ಹುಣಿಸೇಮರದ ಕೆಳಗೆ ಎಷ್ಟು ಸಲ ತೋರಿಸಿದ್ದರೋ ಅವರು!

ಗೋಡಿನಲ್ಲಿ ಇದನ್ನು ತೋರಿಸುವುದು ಹೇಗೆಂದು ಮಕ್ಕಳು ಚರ್ಚಿಸಿದರು. ಒಬ್ಬ ತನ್ನ ಹೊಲದಿಂದ ಹನಿ ನೀರಾವರಿಯ ಕಪ್ಪು ಕೊಳವೆಯ ತುಂಡೊಂದನ್ನು ತಂದು, ಅದರ ಒಂದು ತುದಿಯನ್ನು ದಿಬ್ಬದಾಚೆಯ ಬಿಂದಿಗೆಯಲ್ಲಿ ಮುಳುಗಿಸಿ, ಇನ್ನೊಂದನ್ನು ದಿಬ್ಬದ ಮೇಲಿಂದ ಹಾಯಿಸಿ ಕೆರೆಗಿಳಿಸಿದ. ನೀರು ಬರಲಿಲ್ಲ. ಇನ್ನೊಬ್ಬಳು ಬಿಂದಿಗೆಯನ್ನು ಎರಡೂ ಕೈಗಳಿಂದ ತಲೆಯ ಮಟ್ಟಕ್ಕೆ ಎತ್ತಿ, ಕೊಳವೆಯ ಬಾಯಿಗೆ ಬಗ್ಗಿಸಿ ಹಿಡಿದಳು. ಕೆರೆಯ ಅಂಗಳದಲ್ಲಿ ನೀರು ಬುಳುಬುಳು ಎಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಬಿಂದಿಗೆ ಇಳಿಸಿದಳು, ನೀರು ನಿಂತಿತು. ಮತ್ತೆ ಎತ್ತಿದಳು, ಬಂದಿತು. ತುಸು ಹೊತ್ತಾದ ಮೇಲೆ ಅವಳ ತೋಳುಗಳು ನಡುಗತೊಡಗಿದವು.

“ಕೈ ನೋಯುತ್ತೆ ಟೀಚರ್” ಎಂದಳು, “ಎಷ್ಟು ಹೊತ್ತು ಹಿಡೀಬೇಕು?”